ಗುಡ್ಡದ ಮನೆಗೆ ಮಗನನ್ನು ಕೊಡುವ ಮುನ್ನ

ಫ್ರಾಂಕ್‌ಫರ್ಟ್

ಜರ್ಮನಿಗೆ ಹೋಗಿ ಬಂದೆ ಎಂದರೆ ಗದಗಿನಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಚಳಿ ಹೇಗಿತ್ತು? ಊಟಕ್ಕೆ ಏನು ಮಾಡಿದಿರಿ? ಚಳಿ ಇರಲಿಲ್ಲ, ನಾನು ಹೋದದ್ದು ಜೂನ್ ತಿಂಗಳಲ್ಲಿ. ಊಟಕ್ಕೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ಹೇಳಿ ಮುಗಿಸಿದರೆ ಕೇಳಿದವರಿಗೂ ಸಮಾಧಾನ, ನನಗೂ ಸುಖ. ಆದರೆ ನಾನು ದೇಶ ನೋಡಲೆಂದು ಹೋದವಳಲ್ಲ. ನನ್ನ ಇಬ್ಬರು ಗಂಡುಮಕ್ಕಳು ಅಲ್ಲಿ ಒಬ್ಬರೊಡನೊಬ್ಬರು ಮಾತು ಬಿಟ್ಟು ಕೂತಿದ್ದರು. ಅದನ್ನು ಸರಿಮಾಡಿ ಬರಬೇಕೆಂದು ಹೋದೆ.

ದೊಡ್ಡವನು ಮಹಾಂತೇಶ. ಜರ್ಮನಿಯವರು ಕಂಪ್ಯೂಟರ್ ಕಲಿತವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಹೋದವನು. ಅಮೆರಿಕದ್ದರ ಹಾಗೆ ಅದು ಕಾಯಂ ಅಲ್ಲ, ಐದು ವರ್ಷಕ್ಕೆ ಮುಗಿಯುವಂಥದು. ಸಣ್ಣವನು ಪ್ರಸನ್ನ, ಅಣ್ಣನ ಬೆನ್ನು ಹತ್ತಿ ಎಂ.ಎಸ್. ಓದಲು ಹೋದ. ಅವರ ತಂದೆ ತೀರಿದಾಗ ಪ್ರಸನ್ನ ಮೂರನೆಯ ಇಯತ್ತೆ. ಆಮೇಲೆ ಅವನ ಚಡ್ಡಿಯ ಗುಂಡಿಯಿಂದ ಹಿಡಿದು ಇಂಜಿನಿಯರಿಂಗ್ ಸೀಟಿನವರೆಗೆ ಎಲ್ಲವನ್ನೂ ನೋಡಿಕೊಂಡವನು ಅಣ್ಣನೇ. ನಾನು ಹೈಸ್ಕೂಲಿನಲ್ಲಿ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸುತ್ತಿದ್ದೆ, ನನ್ನ ಮಗನಿಗೆ ಮನೆಪಾಠ ಹೇಳಿದವನು ಮಹಾಂತೇಶ.

ವಿಮಾನ ಇಳಿದ ಮೇಲೆ ಕಸ್ಟಮ್ಸಿನ ಹುಡುಗನೊಬ್ಬ ನನ್ನ ಚೀಲ ಬಿಚ್ಚಿಸಿ ಶೇಂಗಾ ಚಟ್ನಿಯ ಡಬ್ಬಿಗೆ ಮೂಗು ಹಚ್ಚಿದ. ಆಮೇಲೆ ಸೀನಿದ್ದೇ ಸೀನಿದ್ದು. ಅವನ ಮೇಲಿನವನು ಬಂದು ಡಬ್ಬಿಯನ್ನೂ ನನ್ನನ್ನೂ ನೋಡಿ, ಹೋಗಮ್ಮಾ ಎಂಬಂತೆ ಕೈ ಬೀಸಿದ. ಹೊರಗೆ ಮಹಾಂತೇಶ ಒಬ್ಬನೇ ನಿಂತಿದ್ದ. ನಾನು ಅವನ ಹೆಗಲ ಮೇಲಿಂದ ಹಿಂದೆ ಹಣಿಕಿ ನೋಡಿದೆ.

"ಪ್ರಸನ್ನ ಬರಲಿಲ್ಲೇನೋ?"

"ಅವಗ ಈಗ ಬ್ಯಾರೆ ಅಣ್ಣಂದಿರು ಸಿಕ್ಕಾರ ಬಿಡು. ನಡಿ, ಕಾರು ದೂರ ನಿಲ್ಲಿಸೀನಿ."

ಆಮೇಲೆ ಮನೆ ಮುಟ್ಟುವವರೆಗೆ ಅವನು ಆಡಿದ್ದೆಲ್ಲ ರಸ್ತೆಯ ಮಾತು. ಇಲ್ಲಿ ವೇಗಕ್ಕೆ ಮಿತಿ ಇಲ್ಲ, ಇಲ್ಲಿ ಮಿತಿ ಇದೆ, ಇಲ್ಲಿ ಕ್ಯಾಮೆರಾ ಇದೆ. ನನಗೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿ ಕೂಡುವುದು ಲೇಸೆನಿಸಿತು.

ಸಿಂಡೆಲ್‌ಫಿಂಗೆನ್

ಮಗನ ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲ ಹಿಡಿಕೆಗೆ ಒಂದು ಸಣ್ಣ ಹಲಗೆ ತೂಗುತ್ತಿತ್ತು. ಯಾರ ಬಾಗಿಲಿಗೆ ಆ ಹಲಗೆ ಬರುತ್ತದೋ ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಫುಟ್‌ಪಾತ್ ಗುಡಿಸಿ ಒರೆಸುವ ಪಾಳಿ ಅವರದು. ಕೇರ್‌ವೋಖೆ ಎನ್ನುತ್ತಾರೆ. ಕೆಳಗಿನ ಮನೆಯ ಮುದುಕಿ ಸಂಜೆ ಬಂದು ಕಟಕಟೆಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದಳು. ನಾನು ಸೊಸೆಯ ಪರವಾಗಿ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ ಒಂದು ಸಲ ಒರೆಸಿದ ಮೇಲೆ ಆಕೆ ನನಗೆ ನಮಸ್ಕಾರ ಮಾಡತೊಡಗಿದಳು. ಆಕೆಯನ್ನು ಒಂದು ತಿಂಗಳ ಮಟ್ಟಿಗೆ ನಮ್ಮ ಓಣಿಗೆ ಎರವಲು ತಂದರೆ ಹೇಗೆ ಎಂದು ನಾನು ಯೋಚಿಸಿದ್ದುಂಟು.

ಐದು ವರ್ಷದ ಮೊಮ್ಮಗಳು ಅನು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಗೆ ನಾನು ಹೇಳುವುದು ತಿಳಿಯುತ್ತದೆ, ನನಗೆ ಅವಳು ಹೇಳುವುದು ತಿಳಿಯುವುದಿಲ್ಲ. ಆದರೂ ಕಾಕಾ ಎಂಬ ಮಾತು ಅವಳ ಬಾಯಲ್ಲಿ ಎರಡು ಮೂರು ಸಲ ಬಂದದ್ದು ನನಗೆ ಕೇಳಿಸಿತು. ಆಗೆಲ್ಲ ಸೊಸೆ ವಿದ್ಯಾ ಮಾತು ತಿರುಗಿಸಿದಳು.

ಮೂರನೆಯ ದಿನ ಮಹಾಂತೇಶನನ್ನು ಕೂರಿಸಿ ಕೇಳಿದೆ. ಅವನಿಂದ ತಿಳಿದದ್ದು ಇಷ್ಟು. ಆ ದೇಶದ ಹಳೆಯ ವಿಶ್ವವಿದ್ಯಾಲಯದ ಊರುಗಳಲ್ಲಿ ಹುಡುಗರ ಕೂಟಗಳಿವೆ. ಫರ್ಬಿಂಡುಂಗ್ ಎಂದು ಹೆಸರು. ನಮ್ಮ ಕಾಲೇಜಿನ ಯೂನಿಯನ್ ಥರದ್ದಲ್ಲ. ಪ್ರತಿ ಕೂಟಕ್ಕೂ ಸ್ವಂತ ದೊಡ್ಡ ಮನೆ, ಸ್ವಂತ ಟೊಪ್ಪಿಗೆ, ಎದೆಯ ಮೇಲೆ ಅಡ್ಡಲಾಗಿ ಕಟ್ಟುವ ಸ್ವಂತ ಬಣ್ಣದ ಪಟ್ಟಿ. ಓದು ಮುಗಿದರೂ ಸದಸ್ಯತ್ವ ಮುಗಿಯುವುದಿಲ್ಲ, ಸಾಯುವವರೆಗೆ ಇರುತ್ತದೆ. ಅಜ್ಜ ಇದ್ದ ಕೂಟಕ್ಕೆ ಅಪ್ಪ, ಅಪ್ಪ ಇದ್ದ ಕೂಟಕ್ಕೆ ಮಗ. ಹೊಸದಾಗಿ ಸೇರುವ ಹುಡುಗ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಅಣ್ಣನೆಂದು ಆರಿಸಿಕೊಳ್ಳಬೇಕು. ಪ್ರಸನ್ನ ರೂಮಿಗೆಂದು ಅಂಥ ಮನೆಗೆ ಹೋದವನು ಈಗ ಅವರ ಕೂಟಕ್ಕೇ ಸೇರುವೆನೆಂದು ಹೊರಟಿದ್ದ.

"ಕತ್ತಿ ಹಿಡದು ಹೊಡದಾಡತಾರಂತಲ್ಲೋ?" ಎಂದೆ. ಪಕ್ಕದ ಮನೆಯ ಶಾರದಕ್ಕ ಗದಗಿನಲ್ಲೇ ಎಲ್ಲಿಂದಲೋ ಸುದ್ದಿ ತಂದಿದ್ದಳು.

"ಕೆಲವರು ಹೊಡದಾಡತಾರ. ಇವರು ಅಂಥವರಲ್ಲ. ಅದಲ್ಲವ್ವಾ ಮಾತು." ಅವನು ಕೈಯಲ್ಲಿದ್ದ ಚಹದ ಕಪ್ಪು ಕೆಳಗಿಟ್ಟ. "ಅಲ್ಲಿ ಮಥಿಯಾಸ್ ಅಂತ ಒಬ್ಬ ಹುಡುಗ ಇವಗ ಅಣ್ಣ ಆಗ್ತಾನಂತ. ಜನ್ಮಪೂರ್ತಿ ಅಣ್ಣ. ಇದನ್ನ ಇವ ನನಗ ಫೋನಿನ್ಯಾಗ ಹೇಳಿದ, ಸಿನಿಮಾಕ್ಕ ಹೋಗ್ತೀನಿ ಅಂದಂಗ. ನಾ ಏನ್ ಸತ್ತೀನೇನು?"

ನಾಲ್ಕು ತಿಂಗಳಿಂದ ಅವರಿಬ್ಬರ ನಡುವೆ ಒಂದು ಫೋನೂ ಇರಲಿಲ್ಲ.

ಟ್ಯೂಬಿಂಗೆನ್

ಪ್ರಸನ್ನನ ಊರಿಗೆ ನಾನೊಬ್ಬಳೇ ರೈಲಿನಲ್ಲಿ ಹೋದೆ. ನಡುವೆ ಒಂದು ಕಡೆ ಗಾಡಿ ಬದಲಿಸಬೇಕು. ಬಾಗಿಲು ತಾನಾಗಿ ತೆರೆಯುತ್ತದೆಂದು ನಾನು ಮರ್ಯಾದೆಯಿಂದ ಕಾಯುತ್ತ ನಿಂತೆ. ಹಿಂದೆ ಜನ ನಿಂತರು. ಒಬ್ಬರೂ ಗೊಣಗಲಿಲ್ಲ, ತಳ್ಳಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ನನ್ನ ಭುಜದ ಪಕ್ಕದಿಂದ ಕೈ ಚಾಚಿ ಗುಂಡಿ ಒತ್ತಿದಳು. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ನನ್ನ ತವರುಮನೆಯವರನ್ನೆಲ್ಲ ನೆನೆಯುತ್ತಿದ್ದರು.

ಪ್ರಸನ್ನ ಸ್ಟೇಷನ್ನಿನಲ್ಲಿ ಕಾಲಿಗೆರಗಿದ. ಸೊರಗಿದ್ದ. "ಅಣ್ಣ ಆರಾಮದಾನೇನು?" ಎಂದು ಮೊದಲು ಕೇಳಿದ. ಆಮೇಲೆ ನನ್ನ ಮೊಣಕಾಲು ನೋವಿನ ವಿಚಾರಣೆ.

ಕೂಟದ ಮನೆ ಗುಡ್ಡದ ಮೇಲಿತ್ತು. ಕೆಳಗೆ ನದಿ, ನದಿಗೆ ಬಾಗಿದ ಮರಗಳು. ಒಳಗೆ ದೊಡ್ಡ ಹಜಾರ. ಅದರ ಒಂದು ಗೋಡೆಯ ಮೇಲೆ ಕೂಟದ ವಂಶವೃಕ್ಷ ಬರೆದಿದ್ದರು. ನಮ್ಮ ಹೆಳವರು ಹಾಡುತ್ತಾರಲ್ಲ ಮನೆತನದ ಕುಲ, ಹಾಗೆ ಯಾರ ಕೈಕೆಳಗೆ ಯಾರು, ಯಾರಿಗೆ ಯಾರು ತಮ್ಮ ಎಂದು ಕೊಂಬೆ ಕೊಂಬೆಯಾಗಿ ಹೆಸರುಗಳು. ಅದರಲ್ಲಿ ಒಂದೇ ಅಡ್ಡಹೆಸರು ನಾಲ್ಕು ಐದು ಸಲ ಬರುತ್ತಿತ್ತು. ಅಪ್ಪ, ಮಗ, ಮೊಮ್ಮಗ. ನಮ್ಮ ಕಡೆಯ ಹೆಸರು ಎಲ್ಲಿಂದ ಇರಬೇಕು?

ನನ್ನ ಯಜಮಾನರು ಧಾರವಾಡದಲ್ಲಿ ನಮ್ಮ ಸಮಾಜದ ಉಚಿತ ಬೋರ್ಡಿಂಗಿನಲ್ಲಿದ್ದು ಓದಿದವರು. ಅವರ ಸೋದರಮಾವನಿಗೆ ಅಲ್ಲಿಯ ಹಿರಿಯರ ಪರಿಚಯವಿತ್ತು, ಸೀಟು ಸಿಕ್ಕಿತು. ಬೇರೆ ಜಾತಿಯವರು ಬರಬಾರದೆಂದು ಆ ಬಾಗಿಲಿನ ಮೇಲೆ ಬರೆದಿರಲಿಲ್ಲ. ಆದರೂ ಯಾರೂ ಬಂದು ಕೇಳುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ಕೂತು ಜೋಳದ ನುಚ್ಚು ಉಂಡ ಆ ಹುಡುಗರು ಮುದುಕರಾಗುವವರೆಗೆ ಒಬ್ಬರಿಗೊಬ್ಬರು ಆದರು. ಹಾಗಾಗಿ ಗೋಡೆಯ ಮೇಲಿನ ಆ ಮರ ನನಗೆ ತೀರ ವಿಚಿತ್ರವೆನಿಸಲಿಲ್ಲ. ಸೋದರಮಾವನಿಲ್ಲದೆ ನನ್ನ ಮಗ ಅದರೊಳಗೆ ಹೇಗೆ ಹೊಕ್ಕಾನು ಎಂಬುದೇ ನನ್ನ ಚಿಂತೆ.

ನಮ್ಮನ್ನು ಎದುರುಗೊಂಡವರು ಇಬ್ಬರು. ಒಬ್ಬ ಮಥಿಯಾಸ್, ಕೆಂಪು ಕಿವಿಯ ಎತ್ತರದ ಹುಡುಗ, ಕಾಯಿದೆ ಓದುವವನು. ಇನ್ನೊಬ್ಬರು ಕೂಟದ ಹಿರಿಯರು, ಡಾಕ್ಟರಾಗಿ ನಿವೃತ್ತರಾದ ಫೋಗೆಲ್ ಎಂಬವರು. ಎಪ್ಪತ್ತು ದಾಟಿರಬೇಕು. ಅಂಗಿಯ ಮೇಲೆ ಬಲ ಭುಜದಿಂದ ಎಡ ಸೊಂಟಕ್ಕೆ ಪಟ್ಟಿ. ನಿಧಾನವಾದ, ತಪ್ಪಿಲ್ಲದ ಇಂಗ್ಲಿಷ್ ಮಾತನಾಡುತ್ತಿದ್ದರು. ನನ್ನ ಯಜಮಾನರು ಏನು ಮಾಡುತ್ತಿದ್ದರು, ಅವರ ಅಪ್ಪ ಏನು, ಅಣ್ಣತಮ್ಮಂದಿರೆಷ್ಟು ಎಂದು ವಿಚಾರಿಸಿದರು. ನಾನೂ ಬಿಡಲಿಲ್ಲ. ಈ ಮನೆ ಕಟ್ಟಿದವರು ಯಾರು, ಇಲ್ಲಿ ಓದಿದವರು ಏನಾಗಿದ್ದಾರೆ, ಕುಡಿತ ಎಷ್ಟು, ಕುಡಿಯದವರಿಗೆ ಏನು ಕೊಡುತ್ತೀರಿ ಎಂದೆಲ್ಲ ಕೇಳಿದೆ. ಸಂಬಂಧ ನೋಡಲು ಹೋದಾಗ ಕೇಳುವ ಪ್ರಶ್ನೆಗಳೇ ಅವೆಲ್ಲ. ಮಗಳಿಲ್ಲದ ನನಗೆ ಅದೊಂದು ಬಾಕಿ ಉಳಿದಿತ್ತು.

ಅಷ್ಟರಲ್ಲಿ ಮಥಿಯಾಸ್ ಒಂದು ತಟ್ಟೆಯಲ್ಲಿ ಚೆರಿ ಹಣ್ಣಿನ ಕೇಕು ತಂದು ನನ್ನ ಮುಂದಿಟ್ಟ. ನಾನು ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದೆ. ಹುಡುಗನ ಕಿವಿ ಇನ್ನೂ ಕೆಂಪಾಯಿತು. ಪ್ರಸನ್ನ ನನ್ನ ಕಡೆ ಬಗ್ಗಿದ.

"ಅವ್ವಾ, ತತ್ತಿ ಹಾಕಿಲ್ಲ. ನೀ ತಿನ್ನಂಗಿಲ್ಲ ಅಂತ ಅವ ಎರಡು ಸಲ ಕೆಡಿಸಿ ಮೂರನೇ ಸಲ ಮಾಡ್ಯಾನ. ಒಂದ್ ತುತ್ತರ ತಿನ್ನು."

"ತತ್ತಿ ಮಾತಲ್ಲೋ. ಮಾತು ಇನ್ನೂ ಮುಗಿದಿಲ್ಲಲ್ಲ."

ನಮ್ಮ ಮನೆತನದ ರೀತಿಯೇ ಹಾಗೆ. ಸಂಬಂಧದ ಮಾತಿಗೆ ಹೋದ ಮನೆಯಲ್ಲಿ ಚಹ ಕುಡಿಯಬಹುದು, ಚುರುಮುರಿ ತಿನ್ನಬಹುದು. ಸಿಹಿ ಮುಟ್ಟಿದರೆ ಒಪ್ಪಿದ ಹಾಗೆ. ನನ್ನ ಕೈ ತಾನಾಗಿಯೇ ತಟ್ಟೆಯನ್ನು ಸರಿಸಿಬಿಟ್ಟಿತ್ತು. ಇದನ್ನು ನಾನು ಫೋಗೆಲ್ ಅವರಿಗೆ ವಿವರಿಸಿದೆ. ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ.

"ಹಾಗಾದರೆ ಈಗಲೇ ತಿನ್ನಬೇಡಿ," ಎಂದರು. "ಮೊದಲು ನನ್ನದೊಂದು ಮಾತು ಕೇಳಿ."

ಅವರ ಮಗನೂ ಇದೇ ಕೂಟದಲ್ಲಿದ್ದವನು. ಅವನು ಬೇಕೆಂದು ಸೇರಿರಲಿಲ್ಲ. ಅಜ್ಜ ಇದ್ದರು, ಅಪ್ಪ ಇದ್ದರು, ಆದ್ದರಿಂದ ಇವನೂ ಇದ್ದ. ಒಂದು ದಿನ ಪಟ್ಟಿಯನ್ನು ಮಡಚಿ ಅಪ್ಪನ ಮೇಜಿನ ಮೇಲಿಟ್ಟು, ನನಗಿದು ಸಾಕು ಎಂದ. ಇದನ್ನು ಬಿಡುವವನು ನನ್ನನ್ನೂ ಬಿಟ್ಟ ಹಾಗೆ ಎಂದರು ಅಪ್ಪ. ಅವನು ಎದ್ದು ಹೋದ. ಈಗ ನ್ಯೂರೆಂಬರ್ಗಿನಲ್ಲಿದ್ದಾನೆ. ಅವನಿಗೆ ಮಕ್ಕಳಾಗಿವೆ ಎಂದು ಅಪ್ಪನಿಗೆ ಬೇರೆಯವರಿಂದ ತಿಳಿಯಿತಂತೆ.

"ನಿಮ್ಮ ದೊಡ್ಡ ಮಗ ಮಾತು ಬಿಟ್ಟಿದ್ದಾನೆಂದು ಪ್ರಸನ್ನ ಹೇಳಿದ. ಎಷ್ಟು ದಿನವಾಯಿತು?"

"ನಾಲ್ಕು ತಿಂಗಳು."

"ನನ್ನದೂ ಮೊದಲು ನಾಲ್ಕು ತಿಂಗಳೇ ಆಗಿತ್ತು," ಎಂದರು ಫೋಗೆಲ್. "ಈ ಮನೆಗೆ ಹುಡುಗ ಬೇಕು, ನಿಜ. ಆದರೆ ಒಂದು ಮನೆ ಒಡೆದು ಬರುವ ಹುಡುಗ ಬೇಡ. ಅದನ್ನು ನಾನು ಇನ್ನೊಮ್ಮೆ ನೋಡಲಾರೆ."

ಮಥಿಯಾಸನಿಗೆ ಆ ಕೇಕನ್ನು ಕಟ್ಟಿಕೊಡು ಎಂದೆ. ಇವನ ಅಣ್ಣ ತಿಂದ ಮೇಲೆ ನಾನು ತಿನ್ನುತ್ತೇನೆ ಎಂದು ಹೇಳಿದೆ. ಆ ಹುಡುಗ ಅಡಿಗೆಮನೆಗೆ ಓಡಿ ಹೋಗಿ ಬೆಳ್ಳಿಕಾಗದದಲ್ಲಿ ಸುತ್ತಿಕೊಂಡು ಬಂದ.

ಬಸ್ ಸ್ಟಾಪ್

ಗುಡ್ಡ ಇಳಿದು ಬಸ್ಸಿಗೆ ಕಾಯುತ್ತ ಕೂತಾಗ ಪ್ರಸನ್ನನನ್ನು ಕೇಳಿದೆ, ಅಣ್ಣನ ಒಪ್ಪಿಗೆ ಕೇಳದೆ ಯಾಕೆ ಹೊರಟೆ ಎಂದು.

"ಕೇಳಿದ್ರ ಬ್ಯಾಡ ಅಂತಿದ್ದ. ಅವ ಬ್ಯಾಡ ಅಂದ ಮ್ಯಾಲೆ ಮಾಡಾಕ ನನ್ನ ಕೈಲೆ ಆಗ್ತಿರಲಿಲ್ಲವ್ವಾ. ಅದಕ್ಕ ಹೇಳಿಬಿಟ್ಟೆ, ಕೇಳಲಿಲ್ಲ."

"ಅಂಥಾದ್ದೇನು ಕಂಡಿ ಆ ಮನ್ಯಾಗ? ಅಣ್ಣನ ಮನಿ ಇಲ್ಲೇ ಐತಿ."

ಅವನು ನನ್ನ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.

"ಅಣ್ಣನ ಕಂಪನ್ಯಾಗ ಅವನ ಸೆಕ್ಷನ್ ಮುಚ್ಚಾಕತ್ತಾರ. ವಿದ್ಯಾ ವೈನಿ ಹೇಳಿದ್ರು. ಅವ ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ನೌಕರಿ ಹೋದ್ರ ಗ್ರೀನ್ ಕಾರ್ಡ್ ಹೋದಂಗ. ಪುಣೆಕ್ಕ ಹೋಗತಾನಂತ. ಅವ ಹೋದ ಮ್ಯಾಲೆ ನನಗ ಇಲ್ಲಿ ಯಾರದಾರ? ಜಡ್ಡು ಬಿದ್ರ ಒಂದ್ ಗಂಜಿ ಕುಡಸವ್ರು ಬೇಕಲ್ಲವ್ವಾ. ಇವರು ಬಿಡೂದಿಲ್ಲಂತ, ಒಮ್ಮೆ ತಮ್ಮವ ಅಂದ್ರ. ಕಳೆದ ಚಳಿಗಾಲದಾಗ ಜ್ವರ ಬಂದಾಗ ಮಥಿಯಾಸ್ ಮೂರು ದಿನ ನನ್ನ ಖೋಲಿ ನೆಲದ ಮ್ಯಾಲೆ ಮಲಗಿದ್ದ. ನನಗ ಅಂಜಿಕಿ ಬಂದಿತ್ತು. ಅದಕ್ಕ ಸೇರೂದು."

"ಇದನ್ನ ಅಣ್ಣಗ ಹೇಳಬೇಕಿತ್ತಲ್ಲೋ ಹುಚ್ಚ?"

"ಹೇಳಿದ್ರ ಅವ ಪುಣೆಕ್ಕ ಹೋಗಂಗಿಲ್ಲ. ನನ್ನ ಸಲುವಾಗಿ ಇಲ್ಲೇ ಸಿಕ್ಕಿದ್ದ ಕೆಲಸ ಹಿಡಕೊಂಡು ಕೂಡತಾನ. ನಂದೇ ಒಂದು ಭಾರ ಎಷ್ಟ ವರ್ಷಂತ ಹೊರತಾನ?"

ಬಸ್ಸು ಬಂತು. ಅಲ್ಲಿಯ ಬಸ್ಸುಗಳು ಫಲಕದಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತವೆ. ಇನ್ನೊಂದು ಮಾತಿಗೆ ಪುರುಸೊತ್ತು ಕೊಡುವುದಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿದೆ.

ಮತ್ತೆ ಸಿಂಡೆಲ್‌ಫಿಂಗೆನ್

ಮಹಾಂತೇಶ ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಕೇಳಿಬಿಟ್ಟೆ.

"ಪುಣೆಕ್ಕ ಯಾವಾಗ ಹೊಂಟಿ?"

ಅವನು ವಿದ್ಯಾಳ ಕಡೆ ನೋಡಿದ. ವಿದ್ಯಾ ಅನುವಿನ ಜಡೆ ಹೆಣೆಯುತ್ತ ತಲೆ ಎತ್ತಲಿಲ್ಲ.

"ವರ್ಷದ ಕೊನಿಗೆ," ಎಂದ. "ಗಟ್ಟಿ ಆಗಿಲ್ಲ ಇನ್ನೂ."

"ಹೊಂಟವ ನೀ. ಬಿಟ್ಟು ಹೋಗವ ನೀ. ಮತ್ತ ಅವನ ಮ್ಯಾಲೆ ಯಾಕ ಸಿಟ್ಟು?"

"ಅದಕ್ಕ ಸಿಟ್ಟು ಅವ್ವಾ!" ಎಂದು ಅವನು ಕೂಗಿದ. ಮಗು ಬೆದರಿ ಅಮ್ಮನ ತೊಡೆಗೆ ಒತ್ತಿಕೊಂಡಿತು. ಅವನು ದನಿ ಇಳಿಸಿದ. "ನಾನೇ ಕರಕೊಂಡು ಬಂದೆ ಅವನ್ನ. ಈಗ ನಾನೇ ಬಿಟ್ಟು ಹೋಗೂ ಹೊತ್ತು. ಇದನ್ನ ಅವಗ ಹೆಂಗ ಹೇಳ್ಲಿ ಅಂತ ನಾ ಸಾಯಾಕತ್ತಿದ್ರ, ಅವ ಅಷ್ಟರಾಗ ಬ್ಯಾರೆ ಅಣ್ಣನ್ನ ಹುಡುಕಿಕೊಂಡಾನ."

ಪ್ರಸನ್ನ ಬಸ್ ಸ್ಟಾಪಿನಲ್ಲಿ ಹೇಳಿದ್ದನ್ನೆಲ್ಲ ನಾನು ಒಂದಕ್ಷರ ಬಿಡದೆ ಹೇಳಿದೆ. ಹೇಳಬೇಡ ಎಂದು ಅವನೇನೂ ನನ್ನಿಂದ ಆಣೆ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡಿದ್ದರೂ ಹೇಳುತ್ತಿದ್ದೆ. ಮಹಾಂತೇಶ ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ಕೂತ.

"ನಿಮ್ಮ ಅಪ್ಪ ತೀರಿದ ದಿನ ಮೊದಲು ಯಾರು ಬಾಗಲಕ್ಕ ಬಂದ್ರು, ನೆನಪೈತೇನು?" ಎಂದೆ.

"ಬೋರ್ಡಿಂಗಿನ ಮಂದಿ."

"ನಿಮ್ಮ ಕಾಕಾಗೋಳು ಹೊತ್ತು ಮುಳುಗೂ ಹೊತ್ತಿಗೆ ಬಂದ್ರು. ಅವತ್ತು ಆ ಮಂದಿ ಇರಲಿಲ್ಲಂದ್ರ ನಾನೊಬ್ಬಾಕಿ ನಿಮ್ಮಿಬ್ಬರನ್ನ ಕಟಿಗೊಂಡು ಏನ್ ಮಾಡ್ತಿದ್ದೆ? ಅವಗೂ ಅಂಥವರು ಇರಲಿ ಬಿಡೋ. ಅದರಿಂದ ನಿನ್ನ ಪಾಲು ಕಡಿಮಿ ಆಗೂದಿಲ್ಲ."

ಬೆಳ್ಳಿಕಾಗದದ ಗಂಟನ್ನು ಮೇಜಿನ ಮೇಲಿಟ್ಟು, ಅದರ ಕಥೆಯನ್ನೂ ಹೇಳಿ, ನಾನು ಒಳಗೆ ಹೋಗಿ ಪಲ್ಯದ ಬೀನ್ಸ್ ಸೋಸತೊಡಗಿದೆ. ಸ್ವಲ್ಪ ಹೊತ್ತಿಗೆ ಕಾಗದ ಬಿಚ್ಚುವ ಸಪ್ಪಳ ಕೇಳಿಸಿತು. ಹೊರಗೆ ಬಂದು ನೋಡಿದರೆ ಅಪ್ಪ ಮಗಳು ಇಬ್ಬರೂ ತಿನ್ನುತ್ತಿದ್ದರು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಮೂರನೆಯ ಸಲಕ್ಕೂ ಉಪ್ಪು ತುಸು ಹೆಚ್ಚಾಗಿತ್ತು, ತತ್ತಿಯಿಲ್ಲದೆ ಮಾಡಿ ಆ ಹುಡುಗನಿಗೆ ರೂಢಿಯಿಲ್ಲವಲ್ಲ.

"ಶನಿವಾರ ಅವನ್ನ ಸೇರಿಸಿಕೊಳ್ಳೂ ಸಭಾಕ್ಕ ನಾ ಕಾರಿನ್ಯಾಗ ಬಿಡತೀನಿ ನಿನ್ನ," ಎಂದ ಮಹಾಂತೇಶ. "ಒಳಗ ಬರೂದಿಲ್ಲ."

ಗುಡ್ಡದ ಮನೆ, ಶನಿವಾರ

ಒಳಗೆ ಬಂದ. ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸಿದ ಫೋಗೆಲ್ ಅವರು ಅವನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಮುದುಕರು ಹಾಗೆ ಹಿಡಿದರೆ ಬಿಡಿಸಿಕೊಳ್ಳುವ ಹುಡುಗನಲ್ಲ ಅವನು. ಆದರೆ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತ.

ಹೆಂಗಸರಿಗೆ ಆ ಮನೆಯ ಸಭೆಗೆ ಪ್ರವೇಶ ವರ್ಷಕ್ಕೆ ಒಂದೆರಡು ಸಲವಂತೆ. ಉದ್ದನೆಯ ಮೇಜುಗಳು, ಬಣ್ಣದ ಟೊಪ್ಪಿಗೆಗಳು, ಬಿಯರಿನ ಗ್ಲಾಸುಗಳು, ನಮಗೆ ಸೇಬಿನ ರಸ. ಹಾಡು ಶುರುವಾಯಿತು. ಮೊಮ್ಮಕ್ಕಳ ವಯಸ್ಸಿನವರೂ ಅಜ್ಜಂದಿರೂ ಒಂದೇ ದನಿಯಲ್ಲಿ ಹಾಡುವಾಗ ಮಠದಲ್ಲಿ ಭಜನೆಗೆ ಕೂತಾಗ ಬರುವ ಭಾವ ನನಗೆ ಬಂತು. ಬಿಯರನ್ನು ನೋಡದಿದ್ದರಾಯಿತು.

ಅಂದು ಸೇರುವವರು ಇಬ್ಬರು. ಮೊದಲನೆಯವನು ಬಂಗಾರದ ಕೂದಲಿನ ಹುಡುಗ. ಅಧ್ಯಕ್ಷನಾದ ವಿದ್ಯಾರ್ಥಿ ಎದ್ದು ಗಟ್ಟಿಯಾಗಿ ಏನೋ ಕೇಳಿದ. "ಇವನಿಗಾಗಿ ಯಾರು ನಿಲ್ಲುತ್ತೀರಿ?" ಎಂದು ಅದರರ್ಥವೆಂದು ಪಕ್ಕದಲ್ಲಿದ್ದ ಫೋಗೆಲ್ ನನಗೆ ಹೇಳಿದರು. ಒಂದು ಮೇಜಿನಿಂದ ಆ ಹುಡುಗನ ಅಪ್ಪ ಎದ್ದ, ಇನ್ನೊಂದರಿಂದ ಅಜ್ಜ ಕೋಲೂರಿ ಎದ್ದ. ಮೂರು ತಲೆಮಾರು ಒಂದೇ ಮೂಗು. ಅಪ್ಪನೇ ಪಟ್ಟಿ ಹಾಕಿದ. ಚಪ್ಪಾಳೆಯ ಬದಲು ಜನ ಮೇಜು ಬಡಿದರು.

ಆಮೇಲೆ ಪ್ರಸನ್ನ. ಕಪ್ಪು ಕೋಟಿನಲ್ಲಿ ಒಬ್ಬನೇ ನಡುವೆ ನಿಂತಿದ್ದ. ಅವನ ಅಪ್ಪನ ನಿಲುವೇ ಅದು, ಎಡಗಾಲಿನ ಮೇಲೆ ತುಸು ಭಾರ ಬಿಟ್ಟು. ಅಧ್ಯಕ್ಷ ಕೇಳಿದ. ಮಥಿಯಾಸ್ ತಟ್ಟನೆ ಎದ್ದು ನಿಂತ.

ಹಿಂದಿನಿಂದ ಕುರ್ಚಿ ಸರಿದ ಸಪ್ಪಳವಾಯಿತು. ಎಲ್ಲರೂ ತಿರುಗಿದರು. ಮಹಾಂತೇಶ ನಿಂತಿದ್ದ. ಸದಸ್ಯರಲ್ಲದವರು ನಿಲ್ಲುವ ಹಾಗಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾವ ಕಾರ್ಯದಲ್ಲಾದರೂ ಹುಡುಗನ ಕಡೆಯವರು ಯಾರು ಎಂದು ಅಯ್ಯನವರು ಕೇಳಿದರೆ ಇವನು ಏಳುತ್ತ ಬಂದವನು, ಹದಿನೇಳನೆಯ ವಯಸ್ಸಿನಿಂದ. ಹಾಗೆ ಎದ್ದಿದ್ದ.

"ನಾನು ಅವನ ಅಣ್ಣ," ಎಂದ ಜರ್ಮನ್‌ನಲ್ಲಿ. ಆ ಎರಡು ಮಾತು ನನಗೂ ತಿಳಿದವು.

ಅಧ್ಯಕ್ಷ ತನ್ನ ಕೈಯ ಕಾಗದ ನೋಡಿದ, ಫೋಗೆಲ್ ಅವರನ್ನು ನೋಡಿದ. ಫೋಗೆಲ್ ಮುಂದುವರಿಸು ಎಂದು ಬೆರಳೆತ್ತಿದರು. ಮಥಿಯಾಸ್ ಪಟ್ಟಿ ಹಾಕಿದ. ಜನ ಈ ಸಲವೂ ಮೇಜು ಬಡಿದರು, ನಾನೂ ಬಡಿದೆ.

ಪ್ರಸನ್ನ ಮೇಜುಗಳ ನಡುವಿನಿಂದ ನೇರ ಹಿಂದಕ್ಕೆ ಬಂದ. ನನ್ನನ್ನು ದಾಟಿ ಹೋದ, ನಾನು ಕಾಣಲೇ ಇಲ್ಲ ಅವನಿಗೆ. ಅಣ್ಣನ ಎರಡೂ ಕಾಲು ಹಿಡಿದು ಬಗ್ಗಿದ. ಮಹಾಂತೇಶ ಅವನ ತಲೆಯ ಮೇಲೆ ಕೈಯಿಟ್ಟು, ತಾನೂ ಬಗ್ಗಿ ಎತ್ತುವಾಗ ಅವರಿಬ್ಬರ ಮುಖಗಳು ಒಂದು ಗಳಿಗೆ ಕೂಡಿದವು, ಪ್ರಸನ್ನನ ತುಟಿ ಅಲುಗಿತು. ಎತ್ತಿದ ಮೇಲೂ ಕೈ ತಲೆಯ ಮೇಲೇ ಇತ್ತು.

"ಅದೇನು?" ಎಂದು ಫೋಗೆಲ್ ನನ್ನನ್ನು ಕೇಳಿದರು.

"ಹಿರಿಯರ ಕಾಲಿಗೆ ಬೀಳುವುದು."

"ಹಿರಿಯರು ಆಗ ಏನು ಹೇಳಬೇಕು?"

"ಏನೂ ಹೇಳಬೇಕಿಲ್ಲ. ತಲೆ ಮೇಲೆ ಕೈಯಿಟ್ಟರೆ ಆಯಿತು."

"ಅಷ್ಟೇನಾ?"

"ಅಷ್ಟೇ."

ನಾವು ಹೊರಡುವಾಗ ಫೋಗೆಲ್ ಅಂಗಳದ ಬೆಂಚಿನ ಮೇಲೆ ಟೊಪ್ಪಿಗೆ ತೆಗೆದು ಕೂತಿದ್ದರು. ನಾನು ಕೈ ಮುಗಿದದ್ದು ಅವರಿಗೆ ಕಾಣಿಸಲಿಲ್ಲ.

ದಾರಿ

ಹೊರಗೆ ಇನ್ನೂ ಬೆಳಕಿತ್ತು. ಅಲ್ಲಿ ಜೂನಿನಲ್ಲಿ ಹೊತ್ತು ಮುಳುಗುವುದಕ್ಕೆ ಮನಸ್ಸೇ ಮಾಡುವುದಿಲ್ಲ. ರಸ್ತೆಯ ಎರಡೂ ಬದಿ ಗೋದಿ ಹಣ್ಣಾಗುವ ಮೊದಲಿನ ಬಣ್ಣದಲ್ಲಿತ್ತು. ಮಹಾಂತೇಶ ರಸ್ತೆಯ ಮಾತು ಒಂದನ್ನೂ ಆಡಲಿಲ್ಲ. ಊರು ದಾಟಿದ ಮೇಲೆ ಕಾರನ್ನು ಬದಿಗೆ ತಂದು ನಿಲ್ಲಿಸಿದ. ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವರ ಅಪ್ಪ ಸತ್ತಾಗಲೂ ನನ್ನೆದುರು ಅತ್ತವನಲ್ಲ.

"ಕಾಲಿಗೆ ಬಿದ್ದಾಗ ಏನೋ ಅಂದನಲ್ಲೋ ನಿನ್ನ ಕಿವ್ಯಾಗ," ಎಂದೆ ಅವನ ಬೆನ್ನ ಮೇಲೆ ಕೈಯಾಡಿಸುತ್ತ. "ಏನಂದ?"

ಅವನು ತಲೆ ಎತ್ತದೆ ಹೇಳಿದ.

"'ಹೋಗಬ್ಯಾಡೋ ಅಣ್ಣಾ' ಅಂದ, ಅವ್ವಾ."